ಸದಸ್ಯತ್ವದಿಂದ ನಿಜಕ್ಕೂ ಉಳಿತಾಯವೇ, ಅಥವಾ ನನ್ನ ಲೆಕ್ಕವೇ ತಪ್ಪೇ?

ಪ್ರಶ್ನೆ

ಆನ್‌ಲೈನ್ ಅಂಗಡಿಯೊಂದರ ವಾರ್ಷಿಕ ಸದಸ್ಯತ್ವ ಮುಂದಿನ ವಾರ ಮುಗಿಯುತ್ತದೆ. ನವೀಕರಿಸುವ ಮುನ್ನ ವರ್ಷದ ಆರ್ಡರ್‌ಗಳ ಪಟ್ಟಿ ತೆರೆದು, ಕಾಗದ ಪೆನ್ನು ಹಿಡಿದು ಕುಳಿತೆ. ಒಟ್ಟು 61. ಅವುಗಳಲ್ಲಿ 38ರ ಮೊತ್ತ ದೊಡ್ಡದು. ಸದಸ್ಯರಲ್ಲದವರಿಗೂ ಅಷ್ಟಕ್ಕೆ ಡೆಲಿವರಿ ಉಚಿತವೇ. ಉಳಿದ 23ರಲ್ಲಿ ಒಂಬತ್ತು, ‘ಹೇಗೂ ಡೆಲಿವರಿಗೆ ದುಡ್ಡಿಲ್ಲವಲ್ಲ’ ಎಂದು ತರಿಸಿದವು. ಅದರಲ್ಲೊಂದು ಪೆನ್ಸಿಲ್ ಕೆತ್ತುವ ಯಂತ್ರ. ನಮ್ಮ ಮನೆಯಲ್ಲಿ ಪೆನ್ಸಿಲ್ಲೇ ಇಲ್ಲ.

ಹೀಗಾಗಿ ಲಾಭವಾದದ್ದು 14 ಬಾರಿ. ಸದಸ್ಯತ್ವದ ಹಣವೋ 18 ಡೆಲಿವರಿ ಶುಲ್ಕಗಳಿಗೆ ಸಮ. “ಸದಸ್ಯತ್ವದ ಜೊತೆ ಸಿಗುವ ಸಿನಿಮಾ ನೋಡುವುದನ್ನೂ ಸೇರಿಸು” ಎನ್ನುತ್ತಾರೆ ಯಜಮಾನರು. ಸೇರಿಸಬೇಕೇ?

ಉತ್ತರ 1

ಸದಸ್ಯತ್ವ ಇಲ್ಲದಿದ್ದರೂ ಆ ಸಿನಿಮಾಗಳಿಗೆ ಹಣ ಕಟ್ಟುತ್ತಿದ್ದಿರಾ? ಹೌದಾದರೆ ಸೇರಿಸಿ, ಇಲ್ಲವಾದರೆ ಬಿಡಿ. ಆ 14ರ ದಿನಾಂಕಗಳನ್ನೂ ನೋಡಿ. ಎರಡು ಮೂರು ದಿನ ತಡೆದಿದ್ದರೆ ಒಂದೇ ಆರ್ಡರ್‌ಗೆ ಸೇರುತ್ತಿದ್ದವು ಎಷ್ಟು? ಸದಸ್ಯನಾದ ಮೇಲೆ ನಾನಂತೂ ಬೇರೆ ಅಂಗಡಿಯ ಬೆಲೆ ನೋಡುವುದನ್ನೇ ಬಿಟ್ಟಿದ್ದೆ. ಆ ನಷ್ಟ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ಉತ್ತರ 2

ಎಲ್ಲರಿಗೂ ಹಾಗಲ್ಲ. ಹಾಸಿಗೆ ಹಿಡಿದ ಅತ್ತೆಯವರನ್ನು ನೋಡಿಕೊಳ್ಳುತ್ತಿದ್ದೇನೆ. ಹತ್ತು ನಿಮಿಷ ಮನೆ ಬಿಟ್ಟು ಹೋಗುವಂತಿಲ್ಲ. ಡೈಪರ್, ಕೈಗವಸು ಯಾವಾಗ ಮುಗಿಯುತ್ತವೆ ಎಂದು ಮೊದಲೇ ಹೇಳಲು ಬರುವುದಿಲ್ಲ. ನಾಳೆ ಬೇಕೆಂದರೆ ನಾಳೆಯೇ ಬರುತ್ತದಲ್ಲ, ಅದಕ್ಕೆ ಹಣ ಕೊಡುತ್ತಿದ್ದೇನೆ. ಉಳಿತಾಯದ ಲೆಕ್ಕ ಹಾಕಿಯೇ ಇಲ್ಲ.

ಉತ್ತರ 3

ಏನೇ ಮಾಡಿ, ಸ್ವಯಂ ನವೀಕರಣವನ್ನು ಇವತ್ತೇ ನಿಲ್ಲಿಸಿ. ಒಂದು ತಿಂಗಳ ಉಚಿತ ಬಳಕೆಗೆ ಸೇರಿ, ಮರೆತು, ಇಡೀ ವರ್ಷದ ಹಣ ಕಳೆದುಕೊಂಡವನು ನಾನು. ನನ್ನದು ಸಣ್ಣ ಅಂಗಡಿಯ ಕಥೆ. 2005ರಲ್ಲಿ ಶುರುವಾದ ಅಮೆಜಾನ್ ಪ್ರೈಮ್ ವಿಷಯದಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಮೊಕದ್ದಮೆಯನ್ನೇ ಹೂಡಿತ್ತು. ಒಪ್ಪಿಗೆಯಿಲ್ಲದೆ ಸದಸ್ಯರನ್ನಾಗಿಸುತ್ತಾರೆ, ಹೊರಬರುವ ದಾರಿಯನ್ನು ಬೇಕೆಂದೇ ಸುತ್ತುಬಳಸು ಮಾಡಿದ್ದಾರೆ ಎಂಬುದು ಆರೋಪ. ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ, 2025ರಲ್ಲಿ 250 ಕೋಟಿ ಡಾಲರ್‌ಗೆ ರಾಜಿಯಾಯಿತು.

ಪ್ರಶ್ನೆ ಕೇಳಿದವರು

ದಿನಾಂಕ ನೋಡಿದೆ. 14ರಲ್ಲಿ ಆರು ಒಂದೇ ವಾರದಲ್ಲಿ ಬೆನ್ನುಬೆನ್ನಿಗೆ ಹೋಗಿವೆ. ಇನ್ನು ಸಿನಿಮಾ: ವರ್ಷದಲ್ಲಿ ನೋಡಿದ್ದು ಮೂರು, ಎರಡರಲ್ಲಿ ಯಜಮಾನರು ಅರ್ಧಕ್ಕೇ ನಿದ್ದೆ ಹೋಗಿದ್ದರು. ನವೀಕರಣ ನಿಲ್ಲಿಸಿದೆ. “ನಿಜವಾಗಿಯೂ ಬಿಡುತ್ತೀರಾ?” ಎಂದು ಮೂರು ಸಲ ಕೇಳಿತು. ಸದ್ಯ ಒಂದು ಬಲ್ಬ್ ಬುಟ್ಟಿಯಲ್ಲಿ ಜೊತೆಗಾರರಿಗಾಗಿ ಕಾಯುತ್ತಿದೆ. ಪೆನ್ಸಿಲ್ ಯಂತ್ರ ಯಾರಿಗಾದರೂ ಬೇಕಿದ್ದರೆ ಹೇಳಿ.