ಜೆಮ್‌ಆರ್‌ಸಿಲಿ ಬೇಡ ಅಂತ ಹಾಕಿದ್ರೂ ಡಾಕ್ಯುಮೆಂಟೇಶನ್ ಬಂದು ಕೂರ್ತಾ ಇದೆ, ಜಾಗ ಖಾಲಿ ಮಾಡೋದು ಹೇಗೆ?

ಅರ್ಧಚಹಾ

ಎಲ್ರಿಗೂ ನಮಸ್ಕಾರ. ನನ್ ಹತ್ರ ಇರೋದು 32 ಜಿಬಿ ಸ್ಟೋರೇಜಿನ ಹಳೇ ಲ್ಯಾಪ್‌ಟಾಪು, ಅದರಲ್ಲೇ ಉಬುಂಟು ಹಾಕ್ಕೊಂಡು ರೂಬಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲೀತಾ ಇದೀನಿ. ನಿನ್ನೆ ರಾತ್ರಿ ರೈಲ್ಸ್ (ವೆಬ್‌ಸೈಟ್ ಕಟ್ಟೋಕೆ ಇರೋ ಜೆಮ್ಮು; ಜೆಮ್ ಅಂದ್ರೆ ರೂಬಿಯ ರೆಡಿಮೇಡ್ ಕೋಡಿನ ಪ್ಯಾಕೇಜು) ಅಪ್‌ಡೇಟ್ ಮಾಡಕ್ ಹೋದ್ರೆ ಡಿಸ್ಕಲ್ಲಿ ಜಾಗ ಇಲ್ಲ ಅಂತು. ಎಲ್ಲಿ ಹೋಯ್ತಪ್ಪ ಇಷ್ಟೊಂದು ಜಾಗ ಅಂತ ಡಿಯು (ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ತೋರ್ಸೋ ಕಮಾಂಡು) ಹಾಕಿ ಒಂದೊಂದೇ ಫೋಲ್ಡರ್ ಇಳ್ಕೊಂಡು ಹೋದೆ, ಆರ್‌ಬೆನ್ವ್ (ಬೇರೆ ಬೇರೆ ರೂಬಿ ವರ್ಷನ್ ಇಟ್ಕೊಳೋ ಟೂಲು) ಒಳಗೆ ಮೂರು ರೂಬಿ ವರ್ಷನ್ ಇದೆ, ಮೂರರಲ್ಲೂ ಜೆಮ್ಸ್ ಪಕ್ಕದಲ್ಲಿ ಡಾಕ್ ಅಂತ ಒಂದು ಫೋಲ್ಡರ್, ಮೂರೂ ಸೇರಿ 600 ಎಂಬಿ ಹತ್ರ ಹತ್ರ! ನಾನು ಜನ್ಮದಲ್ಲಿ ಒಂದ್ಸಲಾನೂ ಅದನ್ನ ಓಪನ್ ಮಾಡಿಲ್ಲ, ಡೌಟ್ ಬಂದ್ರೆ ಬ್ರೌಸರಲ್ಲೇ ನೋಡೋದು.

ತಮಾಷೆ ಏನಂದ್ರೆ ನಾನು ಮೊದಲೇ ಹೋಮ್ ಫೋಲ್ಡರಲ್ಲಿ ಜೆಮ್‌ಆರ್‌ಸಿ ಅನ್ನೋ ಸೆಟ್ಟಿಂಗ್ಸ್ ಫೈಲ್ ಮಾಡಿ `ಜೆಮ್: --ನೋ-ಆರ್‌ಐ --ನೋ-ಆರ್‌ಡಾಕ್` ಅಂತ ಹಾಕಿದೀನಿ, ಯಾವ್ದೋ ಹಳೇ ಬ್ಲಾಗ್ ನೋಡಿ (ಆರ್‌ಐ ಅಂದ್ರೆ ಟರ್ಮಿನಲ್ಲಲ್ಲಿ ಓದೋ ಡಾಕ್ಯುಮೆಂಟೇಶನ್ನು, ಆರ್‌ಡಾಕ್ ಅಂದ್ರೆ ಬ್ರೌಸರಲ್ಲಿ ಓದೋದು). ಎರರ್ರೂ ಇಲ್ಲ ಏನೂ ಇಲ್ಲ, ಆದ್ರೂ ನೋಕೋಗಿರಿ ಅನ್ನೋ ಜೆಮ್ ಹಾಕ್ವಾಗ "ಪಾರ್ಸಿಂಗ್ ಡಾಕ್ಯುಮೆಂಟೇಶನ್", "ಇನ್‌ಸ್ಟಾಲಿಂಗ್ ಆರ್‌ಐ ಡಾಕ್ಯುಮೆಂಟೇಶನ್" ಅಂತ ಸಾಲು ಬರ್ತಾನೇ ಇದೆ. ಏನ್ ತಪ್ ಮಾಡ್ತಿದೀನಿ?

(ಫೋನಿಂದ ಬರೀತಿದೀನಿ, ಕೀಬೋರ್ಡು ಕನ್ನಡದ್ದು, ಹಾಗಾಗಿ ಕಮಾಂಡೆಲ್ಲ ಕನ್ನಡದಲ್ಲೇ ಇದೆ, ಅಡ್ಜಸ್ಟ್ ಮಾಡ್ಕೊಳಿ.)

ಸುಮ್ನೆ_ಬಂದೆ

ಆ ಜೆಮ್ಸ್ ಫೋಲ್ಡರನ್ನೇ ಎತ್ತಿ ಬಿಸಾಕು ಗುರು, ಮತ್ತೆ ಬಂಡಲ್ ಇನ್‌ಸ್ಟಾಲ್ (ಪ್ರಾಜೆಕ್ಟಿಗೆ ಬೇಕಾದ ಜೆಮ್ ಎಲ್ಲ ಹಾಕೋ ಕಮಾಂಡು) ಹೊಡಿ. ಕಥೆ ಮುಗೀತು.

ಮೂಲೆಮನೆ

ಅಯ್ಯೋ ಹಾಗ್ ಮಾಡ್ಬೇಡಿ ಮಾರಾಯ್ರೇ. ಜೆಮ್ಸ್ ಫೋಲ್ಡರಲ್ಲಿ ಇರೋದು ಕೋಡು, ಪಕ್ಕದ ಸ್ಪೆಸಿಫಿಕೇಶನ್ಸ್ ಅನ್ನೋದು ಯಾವ ಜೆಮ್ ಹಾಕಿದೆ ಅನ್ನೋ ಲೆಕ್ಕದ ಪುಸ್ತಕ ಇದ್ದ ಹಾಗೆ. ಒಂದನ್ನ ತೆಗೆದು ಇನ್ನೊಂದು ಬಿಟ್ರೆ ಜೆಮ್ ಲಿಸ್ಟಲ್ಲಿ ಹೆಸರಿರತ್ತೆ, ರಿಕ್ವೈರ್ ಮಾಡಿದ್ರೆ ಫೈಲ್ ಇರಲ್ಲ, ಆಮೇಲೆ ತಲೆ ಕೆರ್ಕೊಂಡು ಕೂರ್ಬೇಕು. ಡಾಕ್ ಒಂದನ್ನ ಮಾತ್ರ ಕಣ್ಮುಚ್ಕೊಂಡು ಅಳಿಸ್ಬಹುದು, ಅದಿಲ್ದೆ ಯಾವ ಪ್ರೋಗ್ರಾಮೂ ನಿಲ್ಲಲ್ಲ.

ಈಗ ಅರ್ಧಚಹಾ ಅವರ ಪ್ರಾಬ್ಲಮ್ಮು. ನಿಮ್ಮ ಬ್ಲಾಗ್ ಹಳೇದು, ಅಷ್ಟೇ. ಆ ಎರಡು ಆಪ್ಶನ್ನನ್ನ ರೂಬಿಜೆಮ್ಸ್ (ಜೆಮ್ ಕಮಾಂಡ್ ಕೊಡೋ ಟೂಲು) 2.0 ಬಂದಾಗ್ಲೇ, 2013ರಲ್ಲಿ, ಮೂಲೆಗೆ ತಳ್ಳಿದ್ರು, 2018ರ ಡಿಸೆಂಬರಲ್ಲಿ ಬಂದ 3.0ರಲ್ಲಿ ಪೂರ್ತಿ ಕಿತ್ತಾಕಿದ್ರು. ಈಗ ಇರೋದು ಒಂದೇ, `--ನೋ-ಡಾಕ್ಯುಮೆಂಟ್`. ಹಳೇ ಆಪ್ಶನ್ನನ್ನ ಟರ್ಮಿನಲ್ಲಲ್ಲಿ ನೇರವಾಗಿ ಟೈಪ್ ಮಾಡಿ ನೋಡಿ, "ಇನ್‌ವ್ಯಾಲಿಡ್ ಆಪ್ಶನ್" ಅಂತ ಮುಖಕ್ಕೇ ಹೊಡೆಯತ್ತೆ. ಆದ್ರೆ ಜೆಮ್‌ಆರ್‌ಸಿಲಿ ಇದ್ರೆ ಹಂಗಲ್ಲ, ಅಲ್ಲಿಂದ ಬಂದ ಆಪ್ಶನ್ ಈ ಕಮಾಂಡಿಗೆ ಅರ್ಥ ಆಗ್ಲಿಲ್ಲ ಅಂದ್ರೆ ಸದ್ದಿಲ್ದೆ ಬಿಟ್ಬಿಡತ್ತೆ, ಯಾಕಂದ್ರೆ ಅದೇ ಸಾಲು ಜೆಮ್ ಲಿಸ್ಟು, ಜೆಮ್ ಸರ್ಚು ಎಲ್ಲಕ್ಕೂ ಹೋಗತ್ತಲ್ಲ, ಎಲ್ಲದ್ರಲ್ಲೂ ಎರರ್ ಕೊಟ್ರೆ ಬದುಕಕ್ಕಾಗಲ್ಲ. ನಿಮಗೆ ಎರರ್ ಕಾಣದೇ ಇರೋಕೆ ಅದೇ ಕಾರಣ.

ಸಾಲನ್ನ `ಜೆಮ್: --ನೋ-ಡಾಕ್ಯುಮೆಂಟ್` ಅಂತ ಬದಲಾಯಿಸಿ. ಕೋಲನ್ ಆದ್ಮೇಲೆ ಒಂದು ಸ್ಪೇಸ್ ಇರ್ಲೇಬೇಕು, ಅದು ಯಾಮಲ್ ಅನ್ನೋ ಫಾರ್ಮ್ಯಾಟಿನ ಫೈಲು, ಸ್ಪೇಸ್ ಇಲ್ದಿದ್ರೆ ಇಡೀ ಸಾಲು ಬರೀ ಅಕ್ಷರ ಅನ್ಕೊಳತ್ತೆ. ಫೈಲ್ ಹೆಸರಿನ ಮುಂದಿನ ಚುಕ್ಕೆ ಮರೀಬೇಡಿ.

ಇದು ಮುಂದೆ ಹಾಕೋ ಜೆಮ್‌ಗಳಿಗೆ. ಈಗಾಗ್ಲೇ ತುಂಬ್ಕೊಂಡಿರೋದನ್ನ ಕೈಯಲ್ಲೇ ತೆಗೀಬೇಕು: `ಜೆಮ್ ಎನ್ವ್ ಜೆಮ್‌ಡಿರ್` ಅಂತ ಹೊಡೆದ್ರೆ ದಾರಿ ತೋರ್ಸತ್ತೆ, ಅದರೊಳಗಿನ ಡಾಕ್ ಅಳಿಸಿ. ಮೂರು ರೂಬಿ ಅಂದ್ರೆ ಮೂರ್ ಸಲ ಮಾಡ್ಬೇಕು, ಪ್ರತಿ ವರ್ಷನ್ನಿಗೆ ಬದಲಾಯಿಸ್ಕೊಂಡು. ಸ್ಟಾರ್ ಹಾಕಿ ಒಂದೇ ಏಟಿಗೆ ಮೂರನ್ನೂ ಹೊಡೀಬಹುದು, ಆದ್ರೆ ಆರ್‌ಎಮ್ (ಅಳಿಸೋ ಕಮಾಂಡು) ಜೊತೆ ಸ್ಟಾರ್ ಹಾಕೋದಕ್ಕೆ ಮುಂಚೆ ಅದೇ ದಾರಿಗೆ ಎಲ್‌ಎಸ್ (ಫೈಲ್ ಪಟ್ಟಿ ತೋರ್ಸೋ ಕಮಾಂಡು) ಹಾಕಿ ನೋಡಿ, ನಾನು ಒಂದ್ಸಲ ನಡುವೆ ಸ್ಪೇಸ್ ಬಿದ್ದು ಪ್ರಾಜೆಕ್ಟ್ ಫೋಲ್ಡರೇ ಕಳ್ಕೊಂಡಿದೀನಿ.

ಅರ್ಧಚಹಾ

ಥ್ಯಾಂಕ್ಸ್ ಸಾರ್! ಒಂದು ಡೌಟು, ಫೈಲ್ ಒಂದೊಂದೇ ನೋಡಿದ್ರೆ 200, 300 ಬೈಟು ಇದಾವೆ ಅಷ್ಟೇ, ಅದು ಹೇಗೆ 600 ಎಂಬಿ ಆಯ್ತು?

ಮೂಲೆಮನೆ

ಒಳ್ಳೇ ಪ್ರಶ್ನೆ. ಆರ್‌ಐ ಅನ್ನೋದು ಒಂದೊಂದು ಮೆಥಡ್ಡಿಗೂ ಒಂದೊಂದು ಫೈಲ್ ಬರೀತಾ ಹೋಗತ್ತೆ. ಯಾವ್ದಾದ್ರೂ ಕ್ಲಾಸ್ ಹೆಸರಿನ ಫೋಲ್ಡರ್ ತೆಗೆದು ನೋಡಿ, ಫೈಲ್ ಹೆಸರಿನ ಕೊನೇಲಿ -ಐ ಇದ್ರೆ ಇನ್‌ಸ್ಟನ್ಸ್ ಮೆಥಡ್ಡು, -ಸಿ ಇದ್ರೆ ಕ್ಲಾಸ್ ಮೆಥಡ್ಡು, ಸಿಡೆಸ್ಕ್ ಅಂತ ಶುರುವಾಗೋದು ಕ್ಲಾಸಿನ ವಿವರಣೆ. ಉಬುಂಟುಲಿ ಸಾಮಾನ್ಯವಾಗಿ ಇರೋ ಎಕ್ಸ್ಟ್4 ಫೈಲ್‌ಸಿಸ್ಟಮಲ್ಲಿ ಬ್ಲಾಕ್ ಸೈಜು 4 ಕೆಬಿ, ಅಂದ್ರೆ 200 ಬೈಟಿನ ಫೈಲೂ ಡಿಸ್ಕಲ್ಲಿ 4 ಕೆಬಿ ತಿನ್ನತ್ತೆ. ಒಬ್ಬೊಬ್ರೇ ಕೂತಿರೋ ಬಸ್ಸಿನ ಥರ, ಸೀಟೆಲ್ಲ ಖಾಲಿ, ಆದ್ರೆ ರೋಡ್ ತುಂಬ ಬಸ್ಸೇ. ಎಲ್‌ಎಸ್ ಹೇಳೋ ಸೈಜು ಬೇರೆ, ಡಿಯು ಹೇಳೋದು ಬೇರೆ ಆಗೋದು ಇದಕ್ಕೇ. ರೈಲ್ಸ್ ಥರದ್ದಕ್ಕೆ ಮೆಥಡ್ಡು ಸಾವಿರಗಟ್ಟಲೆ, ಅದೂ ನಿಮ್ಮಲ್ಲಿ ಎಷ್ಟು ಹಳೇ ವರ್ಷನ್ ಬಿದ್ದಿದೆಯೋ ಅಷ್ಟು ಸಲ. `ಜೆಮ್ ಕ್ಲೀನಪ್ -ಎನ್` ಹಾಕಿ, ಏನೇನು ತೆಗೀತೀನಿ ಅಂತ ಬರೀ ತೋರ್ಸತ್ತೆ, ಒಪ್ಪಿಗೆ ಆದ್ರೆ -ಎನ್ ಬಿಟ್ಟು ಹೊಡೀರಿ. ಆದ್ರೆ ಹಳೇ ಪ್ರಾಜೆಕ್ಟಿನ ಜೆಮ್‌ಫೈಲ್ ಲಾಕಲ್ಲಿ (ಯಾವ ಜೆಮ್ಮಿನ ಯಾವ ವರ್ಷನ್ ಬೇಕು ಅನ್ನೋ ಪಟ್ಟಿ) ಹಳೇ ವರ್ಷನ್ನೇ ಇದ್ರೆ ಅದಕ್ಕೆ ಮತ್ತೆ ಬಂಡಲ್ ಇನ್‌ಸ್ಟಾಲ್ ಮಾಡ್ಬೇಕಾಗತ್ತೆ.

ಅಂದಹಾಗೆ ಬಂಡಲ್ ಇನ್‌ಸ್ಟಾಲ್ ನಡೆಸೋ ಬಂಡ್ಲರ್ ತಾನಾಗೇ ಡಾಕ್ಯುಮೆಂಟೇಶನ್ ಮಾಡಲ್ಲ. ಈ ಕಸ ಎಲ್ಲ ನೇರವಾಗಿ ಜೆಮ್ ಇನ್‌ಸ್ಟಾಲ್ ಹೊಡೆದಿದ್ರಿಂದ ಬಂದಿದ್ದು.

ಘಾಟಿದಾರಿ

ನನ್ದೊಂದು ತಕರಾರು. ಎಲ್ಲಾ ಡಾಕ್ಯುಮೆಂಟೇಶನ್ ಕಸ ಅನ್ಬೇಡಿ. ನಾನು ವಾರಕ್ಕೊಂದ್ಸಲ ಮಂಗಳೂರು–ಬೆಂಗಳೂರು ರೈಲಲ್ಲಿ ಓಡಾಡೋನು, ಸುಬ್ರಹ್ಮಣ್ಯ ರೋಡ್ ದಾಟಿ ಘಾಟ್ ಹತ್ತೋಕ್ ಶುರು ಆದ್ರೆ ಸಕಲೇಶಪುರದ ತನಕ ನೆಟ್‌ವರ್ಕ್ ನಂಬೋ ಹಾಗಿಲ್ಲ, ಆಗ ನನಗೆ ಆರ್‌ಐನೇ ಗತಿ. ಐಆರ್‌ಬಿಲಿ (ರೂಬಿ ಸಾಲು ಟೈಪ್ ಮಾಡಿ ಅಲ್ಲೇ ಓಡ್ಸಿ ನೋಡೋ ಟೂಲು) ಟ್ಯಾಬ್ ಒತ್ತಿದಾಗ ಬರೋ ವಿವರಣೆನೂ ಅಲ್ಲಿಂದಲೇ ಬರೋದು.

ಮೂಲೆಮನೆ

ಸರಿ, ಆದ್ರೆ ರೂಬಿಯ ಸ್ವಂತ ಡಾಕ್ಯುಮೆಂಟೇಶನ್ನು, ಅಂದ್ರೆ ಸ್ಟ್ರಿಂಗು ಅರ್ರೇ ಇವೆಲ್ಲ, ಈ ಡಾಕ್ ಫೋಲ್ಡರಲ್ಲಿ ಇರೋದಲ್ಲ, ಶೇರ್ ಒಳಗಿನ ಆರ್‌ಐ ಫೋಲ್ಡರಲ್ಲಿರತ್ತೆ. ಜೆಮ್‌ಗಳದ್ದು ಅಳಿಸಿದ್ರೂ ಅದು ಹಾಗೇ ಉಳಿಯತ್ತೆ. ಅದೂ ಬೇಡ ಅನ್ನೋರು ರೂಬಿ ಕಂಪೈಲ್ ಮಾಡ್ವಾಗಲೇ `--ಡಿಸೇಬಲ್-ಇನ್‌ಸ್ಟಾಲ್-ಡಾಕ್` ಕೊಡ್ಬೇಕು. ನೀವು ಯಾವ್ದೋ ಒಂದು ಜೆಮ್ಮಿಗೆ ಮಾತ್ರ ಬೇಕು ಅಂದ್ರೆ ರೈಲು ಹತ್ತೋಕ್ ಮುಂಚೆ `ಜೆಮ್ ಆರ್‌ಡಾಕ್` ಹಾಕಿ, ಜೆಮ್ ಹೆಸರು ಕೊಟ್ಟು, ಕೊನೇಗೆ `--ಆರ್‌ಐ` ಅನ್ನಿ, ಅದೊಂದಕ್ಕೆ ಮಾಡ್ಕೊಡತ್ತೆ.

ಅರ್ಧಚಹಾ

ಅಪ್‌ಡೇಟ್: ಡಾಕ್ ಅಳಿಸ್ದೆ, ಜೆಮ್‌ಆರ್‌ಸಿ ಸರಿ ಮಾಡ್ದೆ. ಆರ್‌ಬೆನ್ವ್ ಮೂರರಲ್ಲೂ ಸರಿ ಆಯ್ತು. ಆದ್ರೆ ಉಬುಂಟು ಪ್ಯಾಕೇಜಿಂದ ಹಾಕಿರೋ ರೂಬಿಗೆ ಸುಡೋ (ರೂಟ್, ಅಂದ್ರೆ ಅಡ್ಮಿನ್ ಆಗಿ ಕಮಾಂಡ್ ಓಡ್ಸೋದು) ಹಾಕಿ ಇನ್‌ಸ್ಟಾಲ್ ಮಾಡಿದ್ರೆ ಮತ್ತೆ ಅದೇ "ಪಾರ್ಸಿಂಗ್ ಡಾಕ್ಯುಮೆಂಟೇಶನ್"!

ಮೂಲೆಮನೆ

ಸುಡೋ ಹಾಕಿದಾಗ ಅದು ರೂಟ್‌ನ ಹೋಮ್ ನೋಡತ್ತೆ, ನಿಮ್ಮ ಫೈಲ್ ಅದಕ್ಕೆ ಕಾಣ್ಸಲ್ಲ. ಅದೇ ಸಾಲನ್ನ `/ಇಟಿಸಿ/ಜೆಮ್‌ಆರ್‌ಸಿ`ಲಿ ಹಾಕಿ, ಮಶೀನಿಗೆಲ್ಲ ಅನ್ವಯ ಆಗತ್ತೆ. ಅಸಲಿಗೆ ಆರ್‌ಬೆನ್ವ್ ಇಟ್ಕೊಂಡು ಸುಡೋ ಯಾಕ್ ಹೊಡೀತೀರಿ?

ಅರ್ಧಚಹಾ

ಅಭ್ಯಾಸ ಸಾರ್ 😅 ಇಟಿಸಿಲಿ ಹಾಕ್ದೆ, ಈಗ ಕೊನೇಲಿ "1 ಜೆಮ್ ಇನ್‌ಸ್ಟಾಲ್ಡ್" ಅಂತ ಬಂದು ಸುಮ್ನಾಗತ್ತೆ. ಇನ್ನೊಂದು, ನೋಕೋಗಿರಿ ಅನ್ನೋದು ಯಾವ್ದೋ ಬೆಟ್ಟದ ಹೆಸರು ಅನ್ಕೊಂಡಿದ್ದೆ ಇಷ್ಟು ದಿನ, ಜಪಾನಿ ಭಾಷೇಲಿ ಗರಗಸ ಅಂತೆ!

ಘಾಟಿದಾರಿ

ನಾನೂ ನಂದಿಗಿರಿ ಪಕ್ಕ ಇರ್ಬೇಕು ಅನ್ಕೊಂಡಿದ್ದೆ ಬಿಡಿ.