ಪದಚರ್ಚೆ: ಹಕ್ಕಿ ಚಿತ್ರದ ‘ನಾಯ್ಸ್’ಗೆ ಏನೆನ್ನುವುದು? (ತುರ್ತು)

ಗೆಳೆಯರೇ,

ಹಕ್ಕಿ ಫೋಟೋ ಪ್ರದರ್ಶನದ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಸಿಕ್ಕಿಕೊಂಡಿರುವುದು ಈ ಒಂದು ಸಾಲಿನಲ್ಲಿ:

“ಸೆನ್ಸರ್ ದೊಡ್ಡದಾದಷ್ಟೂ ಕ್ರಾಪ್ ಮಾಡಿದ ಹಕ್ಕಿ ಚಿತ್ರದಲ್ಲಿ ನಾಯ್ಸ್ ಕಡಿಮೆ.”

ನಾಯ್ಸ್‌ಗೆ ‘ಶಬ್ದ’ ಎಂದು ಹಾಕಿ ಒಬ್ಬರಿಗೆ ತೋರಿಸಿದೆ. ‘ಫೋಟೋದೊಳಗೆ ಹಕ್ಕಿ ಕೂಗುತ್ತಾ?’ ಎಂದರು. ‘ಗದ್ದಲ’ಕ್ಕೂ ಅದೇ ಗತಿ. ಮಬ್ಬು ಬೆಳಕಿನಲ್ಲಿ ತೆಗೆದಾಗ ಚುಕ್ಕೆಚುಕ್ಕೆ ಎದ್ದು ಗರಿಯ ನಯವೆಲ್ಲ ಹಾಳಾಗುತ್ತದಲ್ಲ, ಅದಕ್ಕೆ ಪದ ಬೇಕು. ಚಿತ್ರದ ಅಂಚು ಕತ್ತರಿಸಿ ಬೇಕಾದಷ್ಟೇ ಉಳಿಸುವ ‘ಕ್ರಾಪ್’ ಅಂದರೆ ನಮ್ಮ ಜನಕ್ಕೆ ತಲೆಗೂದಲು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ‘ಸೆನ್ಸರ್’ ಅಂದರೆ ಸಿನಿಮಾಕ್ಕೆ ಕತ್ತರಿ ಹಾಕುವವರು. ದಯವಿಟ್ಟು ಇವತ್ತೇ ತಿಳಿಸಿ.

ಮರು: ನಾಯ್ಸ್

ತರಿ. ಚರ್ಚೆ ಮುಗಿಯಿತು.

ನುಣುಪಿಗೆ ಎದುರು ತರಿ. ‘ತರಿತರಿ’ ಮಕ್ಕಳಿಗೂ ಗೊತ್ತಿರುವ ಮಾತು. ಹೊಸದಾಗಿ ಪದ ಕಟ್ಟುವ ಕೆಲಸವೇ ಇಲ್ಲ. ಕ್ರಾಪ್ ಮಾಡುವುದಕ್ಕೂ ‘ತರಿ’ಯೇ ಸಾಕು, ಕಡಿ–ತರಿ ಎನ್ನುತ್ತೇವೆ. ಸೆನ್ಸರ್‌ಗೆ ‘ಬೆಳಕರಿಕ’, ಬೆಳಕನ್ನು ಅರಿಯುವುದು.

ಮರು: ಮರು: ನಾಯ್ಸ್

ಅಂದರೆ ‘ತರಿದರೆ ತರಿ ಜಾಸ್ತಿ’ ಎಂದು ಫಲಕ ಬರೆಯಬೇಕೋ? ಗಾದೆಗೆ ಚೆನ್ನಾಗಿದೆ.

ಸಾಲದ್ದಕ್ಕೆ ತರಿ ಎಂದರೆ ಗದ್ದೆ ಜಮೀನು. ತರಿ, ಖುಷ್ಕಿ, ಬಾಗಾಯ್ತು. ಮೂರೂ ಪಾರಸಿಯಿಂದ ಬಂದವು. ಅಚ್ಚಗನ್ನಡ ಎಂದು ಎದೆ ತಟ್ಟುವ ಮೊದಲು ಇದನ್ನು ನೋಡಿಕೊಳ್ಳಿ.

‘ರವ’ ಎಂದು ಹಾಕಿ. ಚಿಕ್ಕದು, ಗಂಭೀರವಾಗಿದೆ.

ಮರು: ಮರು: ನಾಯ್ಸ್

ಜಮೀನಿನ ತರಿ ಬೇರೆ, ಒರಟು ತರಿ ಬೇರೆ. ಉಚ್ಚಾರ ಒಂದೇ ಆದ ಮಾತ್ರಕ್ಕೆ ನೆಂಟರಲ್ಲ. ನಾಮಪದ ‘ತರಿಯ’, ಕ್ರಿಯಾಪದ ‘ತರಿದ’. ಪ್ರತ್ಯಯ ಹತ್ತಿದ ಕೂಡಲೇ ಗೊಂದಲ ಹೋಯಿತು.

‘ರವ’ವಂತೆ! ಹಕ್ಕಿ ಚಿತ್ರಕ್ಕೆ! ಓದುವವರಿಗೆ ಕಲರವ ಕೇಳಿಸುತ್ತದೆ ಅಷ್ಟೆ.

ಮರು: ನಾಯ್ಸ್ – ಮೂಲ

ಪದ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ನಾಯ್ಸ್ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಅದರ ಹಿಂದೆ ಲ್ಯಾಟಿನ್ನಿನ ‘ನೌಸಿಯ’ ಇದೆ ಎಂಬುದು ಹೆಚ್ಚಿನವರು ಒಪ್ಪುವ ಮಾತು. ನೌಸಿಯ ಎಂದರೆ ಹಡಗಿನಲ್ಲಿ ಬರುವ ಓಕರಿಕೆ. ಗ್ರೀಕಿನಲ್ಲಿ ‘ನೌಸ್’ ಹಡಗು. ಸಂಸ್ಕೃತದ ‘ನೌ’, ನಮ್ಮ ‘ನೌಕೆ’ ಅದೇ ಬಳಗ. ಹಾಗಾಗಿ ನಾಯ್ಸ್ ನಮಗೆ ಪೂರ್ತಿ ಪರಕೀಯ ಅಲ್ಲ.

ಇನ್ನೊಂದು. ಬೆಳಕು, ಕರೆಂಟು ಬಿಡಿಬಿಡಿ ಕಣಗಳಾಗಿ ಬರುವುದರಿಂದ ಆಗುವ ಏರುಪೇರಿಗೆ ‘ಶಾಟ್ ನಾಯ್ಸ್’ ಎನ್ನುತ್ತಾರೆ. ಅದರಲ್ಲಿರುವ ಶಾಟ್ ಕ್ಯಾಮೆರಾದ ಶಾಟ್ ಅಲ್ಲ. 1918ರಲ್ಲಿ ಜರ್ಮನ್ ಭೌತವಿಜ್ಞಾನಿ ವಾಲ್ಟರ್ ಶಾಟ್ಕಿ ನಿರ್ವಾತ ಕೊಳವೆಯಲ್ಲಿ ಹರಿಯುವ ಕರೆಂಟಿನ ಬಗ್ಗೆ ಇದನ್ನು ವಿವರಿಸಿದರು. ಅಲ್ಲಿನ ಜರ್ಮನ್ ಪದ ‘ಶ್ರೋಟ್’, ಅಂದರೆ ಕೋವಿಯ ಚರೆ. ಶಾಟ್ಕಿಯ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ.

ಮರು: ಮರು: ನಾಯ್ಸ್ – ಮೂಲ

ಹಾಗಾದರೆ ಫಲಕದಲ್ಲಿ ‘ನೌಕೆ ಕಡಿಮೆ’ ಎಂದು ಹಾಕಿಸಿ. ಪಾಪ ಅವರಿಗೆ ನಾಳೆ ಬೆಳಗ್ಗೆ ಅಚ್ಚು.

ಮರು: ನಾಯ್ಸ್ – ಆ ವಾಕ್ಯವೇ ಸರಿಯಿಲ್ಲ

ಪದ ಆಮೇಲೆ. ಮೂಲದ ವಾಕ್ಯವೇ ತಪ್ಪು. ಇಷ್ಟು ಜನ ಬರೆದಿರಿ, ಒಬ್ಬರಿಗೂ ಕಾಣಲಿಲ್ಲವೇ?

500 ಮಿ.ಮೀ. ಲೆನ್ಸಿನಲ್ಲಿ 20 ಮೀಟರ್ ದೂರದ ಹಕ್ಕಿಯನ್ನು ತೆಗೆದರೆ, ಸೆನ್ಸರ್ ಮೇಲೆ ಬೀಳುವ ಬಿಂಬ ಹಕ್ಕಿಯ ನಲವತ್ತನೇ ಒಂದು ಪಾಲು. 20 ಸೆಂ.ಮೀ. ಹಕ್ಕಿ 5 ಮಿ.ಮೀ. ಆಗುತ್ತದೆ. ಸೆನ್ಸರ್ 36 ಮಿ.ಮೀ. ಅಗಲದ ಫುಲ್ ಫ್ರೇಮ್ ಇರಲಿ, 23.5 ಮಿ.ಮೀ. ಅಗಲದ ಎಪಿಎಸ್-ಸಿ ಇರಲಿ, ಹಕ್ಕಿ ಅದೇ 5 ಮಿ.ಮೀ. ಅಪರ್ಚರ್ (ಲೆನ್ಸಿನ ಬಾಯಿ ತೆರೆದಿರುವ ಅಳತೆ), ಶಟರ್ ವೇಗ ಒಂದೇ ಇಟ್ಟರೆ ಹಕ್ಕಿಯಿಂದ ಬಂದ ಬೆಳಕೂ ಅಷ್ಟೇ. ದೊಡ್ಡ ಸೆನ್ಸರಿಗೆ ಹೆಚ್ಚಾಗಿ ಸಿಕ್ಕಿದ್ದು ಸುತ್ತಲಿನ ಕೊಂಬೆ, ಎಲೆ, ಆಕಾಶ. ಕ್ರಾಪ್ ಮಾಡುವಾಗ ಎಸೆಯುವುದು ಅದನ್ನೇ ಅಲ್ವಾ? ಮತ್ತೆ ಲಾಭ ಎಲ್ಲಿಂದ ಬರಬೇಕು?

ನಾಯ್ಸ್‌ನ ದೊಡ್ಡ ಪಾಲು ಬೆಳಕಿನದೇ. ಬೆಳಕು ಫೋಟಾನ್ ಎಂಬ ಬಿಡಿಬಿಡಿ ಕಣಗಳಾಗಿ ಬೀಳುತ್ತದೆ, ಒಂದೇ ಸಮನೆ ಬೀಳುವುದಿಲ್ಲ. ಸರಾಸರಿ 100 ಫೋಟಾನ್ ಬರುವ ಕಡೆ 10ರಷ್ಟು ಏರುಪೇರು, ಅಂದರೆ ನೂರಕ್ಕೆ ಹತ್ತು. 10,000 ಬರುವ ಕಡೆ 100ರಷ್ಟು, ಅಂದರೆ ನೂರಕ್ಕೆ ಒಂದು. ಹಕ್ಕಿಯಿಂದ ಎಷ್ಟು ಫೋಟಾನ್ ಹಿಡಿದಿರಿ ಎನ್ನುವುದೇ ಮುಖ್ಯ. ಐಎಸ್‌ಒ (ಚಿತ್ರವನ್ನು ಬೆಳಗಿಸಿ ತೋರಿಸುವ ಕ್ಯಾಮೆರಾ ಸೆಟ್ಟಿಂಗ್) ಏರಿಸಿದ್ದರಿಂದ ನಾಯ್ಸ್ ಬಂತು ಎನ್ನುವುದೂ ಸುಮ್ನೆ ಮಾತು. ಬೆಳಕು ಕಡಿಮೆ ಇತ್ತು, ಅದಕ್ಕೇ ಐಎಸ್‌ಒ ಏರಿಸಿದಿರಿ.

ನಿಕಾನ್ ಡಿ850 ಕ್ಯಾಮೆರಾ ಫುಲ್ ಫ್ರೇಮ್, 45.7 ಮೆಗಾಪಿಕ್ಸೆಲ್. ಅದರ ಚಿತ್ರವನ್ನು ಎಪಿಎಸ್-ಸಿ ಅಳತೆಗೆ ಕತ್ತರಿಸಿದರೆ ಸುಮಾರು 19 ಉಳಿಯುತ್ತದೆ. ಡಿ500 ಎಪಿಎಸ್-ಸಿ, ಸುಮಾರು 21. ಒಂದೇ ಲೆನ್ಸ್ ಹಾಕಿ ಒಂದೇ ಕಡೆ ನಿಂತು ತೆಗೆದರೆ ಕತ್ತರಿಸಿದ ಹಕ್ಕಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದು. ಕಡುನೆರಳಿನಲ್ಲಿ ಸೆನ್ಸರ್ ಓದುವಾಗ ಆಗುವ ಏರುಪೇರು ಒಂದಿಷ್ಟು ಬೇರೆಯಾಗಬಹುದು, ಅಷ್ಟೆ. ಪಿಕ್ಸೆಲ್ ಚಿಕ್ಕದಾದರೆ ನಾಯ್ಸ್ ಜಾಸ್ತಿ ಎನ್ನುವವರು ಎರಡೂ ಚಿತ್ರವನ್ನು ಪರದೆಯ ಮೇಲೆ ಪಿಕ್ಸೆಲ್‌ಗೆ ಪಿಕ್ಸೆಲ್ ಹಿಗ್ಗಿಸಿ ನೋಡುವವರು. ಒಂದೇ ಅಳತೆಗೆ ಮುದ್ರಿಸಿ ನೋಡಲಿ.

ದೊಡ್ಡ ಸೆನ್ಸರ್ ಗೆಲ್ಲುವುದು ಹಕ್ಕಿ ಚೌಕಟ್ಟು ತುಂಬಿದಾಗ. ಹತ್ತಿರ ಹೋಗಬೇಕು, ಇಲ್ಲವೇ ಲೆನ್ಸ್ ಉದ್ದವಾಗಬೇಕು. ಅಪರ್ಚರ್ ಎಫ್/5.6ರಲ್ಲೇ ಇಟ್ಟು (ಅಂದರೆ ಬಾಯಿಯ ಅಗಲ ಲೆನ್ಸಿನ ಮಿ.ಮೀ. ಸಂಖ್ಯೆಯನ್ನು 5.6ರಿಂದ ಭಾಗಿಸಿದಷ್ಟು) 500ರ ಬದಲು 750 ಮಿ.ಮೀ. ಹಾಕಿದರೆ ಬಿಂಬ 7.5 ಮಿ.ಮೀ. ಆಗುತ್ತದೆ, ಬೆಳಕು ಎರಡೂಕಾಲು ಪಟ್ಟು. ಆದರೆ ಲೆನ್ಸಿನ ಬಾಯಿಯೂ 89 ಮಿ.ಮೀ.ಯಿಂದ 134ಕ್ಕೆ ಹಿಗ್ಗಬೇಕು. ಹೊಗಳುವುದಾದರೆ ಲೆನ್ಸನ್ನು ಹೊಗಳಿ.

ಪದದ ಬಗ್ಗೆ ನನ್ನ ಮಾತು ಇಷ್ಟೇ: ಬೆಳಕಿನಲ್ಲಿ ಆಗುವುದು ಏರುಪೇರು. ಅದು ಕಣ್ಣಿಗೆ ಕಾಣುವುದು ತರಿಯಾಗಿ. ಫಲಕಕ್ಕೆ ಎರಡನೆಯದು ಸಾಕು.

ಮರು: ಎರವಲು (ಹಿಂದೆ: ನಾಯ್ಸ್)

ಚೆನ್ನಾಗಿ ಬಿಡಿಸಿ ಹೇಳಿದಿರಿ. ಆದರೆ ಲೆನ್ಸ್, ಶಟರ್, ಅಪರ್ಚರ್, ಪಿಕ್ಸೆಲ್, ಫ್ರೇಮ್! ಕನ್ನಡ ಎಲ್ಲಿದೆ ಇದರಲ್ಲಿ? ಇಷ್ಟೆಲ್ಲ ಸಾಲ ಮಾಡಿದ ಮೇಲೆ ‘ತರಿ’ ಒಂದು ಯಾಕೆ? ಸಾಲವನ್ನೆಲ್ಲ ವಾಪಸು ಮಾಡಿ ಮತ್ತೆ ಶುರು ಮಾಡಬೇಕು.

ಮರು: ಮರು: ಎರವಲು

‘ವಾಪಸು’ ಪಾರಸಿ. ‘ಶುರು’ ಅರಬ್ಬಿ. ನೀವೇ ಮೊದಲು ಹಿಂದಿರುಗಿಸಿ.

ವಸ್ತುವಿನ ಜೊತೆ ಹೆಸರೂ ಬಂದರೆ ಇಟ್ಟುಕೊಳ್ಳಬೇಕು. ಲೆನ್ಸ್ ಹಾಗೆ ಬಂದದ್ದು. ತರಿ ಹಾಗಲ್ಲ, ಒರಟುತನ ನಮಗೆ ಮೊದಲಿಂದಲೂ ಗೊತ್ತು. ಇದ್ದ ಪದವನ್ನು ಮೂಲೆಗೆ ಹಾಕಿ ನಾಯ್ಸ್ ಎನ್ನುವುದು ಸೋಮಾರಿತನ.

ಮರು: ಮರು: ಎರವಲು

ಫಿಲ್ಮ್ ಕಾಲದವರು ‘ಕಾಳು ಕಾಣಿಸ್ತಿದೆ’ ಎನ್ನುತ್ತಿದ್ದರು. ಅದು ಬೆಳ್ಳಿಯ ಕಾಳು, ನಿಜವಾಗಿಯೂ ಫಿಲ್ಮಿನಲ್ಲೇ ಇರುತ್ತಿತ್ತು. ಇದು ಹಾಗಲ್ಲ. ಎರಡಕ್ಕೂ ಒಂದೇ ಪದ ಬೇಡ. ‘ಕಾಳು’ ಫಿಲ್ಮಿಗೆ ಬಿಡಿ, ‘ತರಿ’ ಡಿಜಿಟಲ್‌ಗೆ.

‘ಬೆಳಕರಿಕ’ ಮಾತ್ರ ಬೇಡ. ಬಾಯಲ್ಲಿ ಹೊರಳುವುದಿಲ್ಲ.

ಮರು: ಮರು: ಎರವಲು

ನಿಮ್ಮ ಬಾಯಲ್ಲಿ.

ಮರು: ನಾಯ್ಸ್ – ಕೊನೆಯ ಕರಡು

ಎಲ್ಲರಿಗೂ ಧನ್ಯವಾದಗಳು. ಮೂಲ ಬರೆದವರ ಜೊತೆ ಮಾತಾಡಿದೆ. ವಾಕ್ಯ ಬದಲಿಸಲು ಒಪ್ಪಿದರು. ಈಗ ಹೀಗಿದೆ:

“ಒಂದೇ ಲೆನ್ಸಿನಲ್ಲಿ, ಒಂದೇ ದೂರದಿಂದ ತೆಗೆದು, ಹಕ್ಕಿಯಷ್ಟೇ ಉಳಿಯುವಂತೆ ಕತ್ತರಿಸಿದರೆ, ಸೆನ್ಸರ್ ದೊಡ್ಡದಿರಲಿ ಚಿಕ್ಕದಿರಲಿ, ಚಿತ್ರದ ತರಿ ಹೆಚ್ಚುಕಡಿಮೆ ಒಂದೇ.”

ಅಚ್ಚಿನವರು ಕಾಯುತ್ತಿದ್ದಾರೆ. ಕೆಳಗಿನ ಸಾಲಿನಲ್ಲಿ ‘ಸೆನ್ಸರ್‌ನ ಅಗಲ’ವೋ, ‘ಸೆನ್ಸರಿನ ಅಗಲ’ವೋ?

ಮರು: ಮರು: ನಾಯ್ಸ್ – ಕೊನೆಯ ಕರಡು

ಸೆನ್ಸರಿನ. ಮೇಲಿನ ಸಾಲಿನಲ್ಲಿ ‘ಲೆನ್ಸಿನಲ್ಲಿ’ ಎಂದು ಬರೆದವರು ಇದನ್ನು ಕೇಳಬಾರದು.