ಎರಡೂವರೆ ವರ್ಷದ ಮಗನಿಗೆ ಮ್ಯೂಸಿಯಂ ತೋರಿಸೋಕೆ ದಾವಣಗೆರೆಯಿಂದ ಬೆಂಗಳೂರಿಗೆ ಹೋಗಬಹುದಾ?

ವಿದ್ಯಾನಗರದ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಎರಡೂವರೆ ವರ್ಷ. ಬಟನ್ ಕಂಡರೆ ಒತ್ತಬೇಕು, ಚಕ್ರ ಕಂಡರೆ ತಿರುಗಿಸಬೇಕು. ಮಿಕ್ಸಿ, ವಾಷಿಂಗ್ ಮಷೀನ್, ಅವರಜ್ಜನ ಸ್ಕೂಟರಿನ ಹಾರ್ನ್, ಯಾವುದನ್ನೂ ಬಿಟ್ಟಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಮಕ್ಕಳು ಎಲ್ಲ ಮುಟ್ಟಿ ನೋಡಬಹುದು, ಅಲ್ಲಾಡೋ ಡೈನೋಸಾರ್ ಬೇರೆ ಇದೆ, ಕರ್ಕೊಂಡು ಬಾ ಅಂತ ನನ್ನ ತಂಗಿ ಫೋನ್ ಮಾಡಿದಾಗಲೆಲ್ಲ ಹೇಳುತ್ತಾಳೆ. ನಮ್ಮತ್ತೆ ಮಾತ್ರ "ಅಷ್ಟು ಸಣ್ಣ ಕೂಸಿಗೆ ಏನ್ ತಿಳೀತದವ್ವಾ, ಸುಮ್ನೆ ದುಡ್ಡು ದಂಡ" ಅನ್ನುತ್ತಾರೆ. ಇಬ್ಬರದ್ದೂ ಸರಿ ಅನ್ನಿಸುತ್ತೆ, ಅದೇ ನನ್ನ ಕಷ್ಟ.

ನಮ್ಮೆಜಮಾನರಿಗೆ ಭಾನುವಾರ ಒಂದೇ ರಜೆ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರೋಕೆ ಆಗುತ್ತಾ? ಇಷ್ಟು ಸಣ್ಣ ಮಕ್ಕಳನ್ನು ಕರ್ಕೊಂಡು ಹೋದವರು ಇದ್ದರೆ ಹೇಳಿ. ಇಲ್ಲೇ ಹತ್ತಿರದಲ್ಲಿ ಏನಾದ್ರೂ ಇದ್ದರೆ ಅದೂ ಆಗಬಹುದು.

ಪಿ.ಜೆ. ಬಡಾವಣೆ:

ಅಕ್ಕಾ, ಒಂದೇ ದಿನಕ್ಕೆ ಬೇಡವೇ ಬೇಡ. ರಸ್ತೆಯಲ್ಲಿ ಹತ್ತಿರ ಹತ್ತಿರ 260 ಕಿ.ಮೀ. ಇದೆ, ಹೋಗಿ ಬರೋದರಲ್ಲೇ ದಿನ ಮುಗಿಯುತ್ತದೆ. ಧಾರವಾಡದ ವಂದೇ ಭಾರತ್ ರೈಲು ಇದೆಯಲ್ಲ ಅಂತ ಯಾರಾದ್ರೂ ಹೇಳುತ್ತಾರೆ ನೋಡಿ, ಅದು ಬೆಳಿಗ್ಗೆ ಬೆಂಗಳೂರು ಬಿಟ್ಟು ಧಾರವಾಡದ ಕಡೆ ಹೋಗುತ್ತದೆ, ಮಧ್ಯಾಹ್ನದ ಮೇಲೆ ವಾಪಸ್. ಜನಶತಾಬ್ದಿದೂ ಅದೇ ಕಥೆ. ಬೆಂಗಳೂರಿನವರು ಬೆಣ್ಣೆದೋಸೆ ತಿಂದು ಹೋಗೋಕೆ ಹೇಳಿ ಮಾಡಿಸಿದ ಟೈಮಿಂಗು, ನಮಗಲ್ಲ! ರಾತ್ರಿ ರೈಲಿಗೆ ಹೋಗಿ ತಂಗಿ ಮನೆಯಲ್ಲಿ ಒಂದು ರಾತ್ರಿ ಉಳಿಯೋ ಹಾಗಿದ್ದರೆ ಮಾತ್ರ ಯೋಚನೆ ಮಾಡಿ. ಐದು ವರ್ಷದ ಒಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಡ, ಆದರೆ ಬರ್ತ್ ಕೂಡ ಸಿಗಲ್ಲ. ಲೋಯರ್ ಬರ್ತ್ ಸಿಕ್ಕರೆ ನಿಮ್ಮ ಪುಣ್ಯ.

ಎಸ್.ಎಸ್. ಬಡಾವಣೆ ಅಪ್ಪ:

ನಾವು ನಮ್ಮ ಮಗಳು ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿದ್ದಾಗ ಹೋಗಿದ್ದೆವು. ಹೋಗಬೇಡಿ ಅನ್ನಲ್ಲ. ಆದರೆ ಏನು ನಿರೀಕ್ಷೆ ಮಾಡಬೇಕು ಅಂತ ಹೇಳಿಬಿಡುತ್ತೇನೆ.

ಮ್ಯೂಸಿಯಂ ಕಸ್ತೂರ್ಬಾ ರಸ್ತೆಯಲ್ಲಿದೆ, ಬೆಳಿಗ್ಗೆ ಒಂಬತ್ತೂವರೆಗೆ ತೆಗೆಯುತ್ತಾರೆ. ಮೆಟ್ರೋದಲ್ಲಿ ಹೋದರೆ ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿಯಬೇಕು. ಅಲ್ಲಿಂದ ನಡೆಯೋಷ್ಟೇ ದೂರ, ಆದರೆ ಅರ್ಧ ದಾರಿಗೆ "ಎತ್ಕೋ" ಅಂತಾನೆ ನಿಮ್ಮ ಮಗ, ಆಟೋ ಹಿಡಿಯಿರಿ. ತೆಗೆದ ತಕ್ಷಣ ಒಳಗೆ ಹೋಗಿಬಿಡಿ. ಹತ್ತೂವರೆ ಹನ್ನೊಂದರ ಮೇಲೆ ಜನ ಜಾಸ್ತಿ, ದೊಡ್ಡ ಹುಡುಗರು ಬಟನ್‌ಗಳ ಮುಂದೆ ಮುಗಿಬೀಳುತ್ತಾರೆ, ಸಣ್ಣವರಿಗೆ ಪಾಳಿ ಬರೋದೇ ಇಲ್ಲ.

ಅಲ್ಲಿರೋದರಲ್ಲಿ ಜಾಸ್ತಿ ಭಾಗ ಶಾಲೆಗೆ ಹೋಗೋ ಮಕ್ಕಳಿಗೆ. ವಿದ್ಯುತ್, ಬಾಹ್ಯಾಕಾಶ, ಬಯೋಟೆಕ್ನಾಲಜಿ ಇವೆಲ್ಲ ನಿಮ್ಮ ಮಗನಿಗೆ ಬರೀ ದೀಪ ಹತ್ತೋ ಪೆಟ್ಟಿಗೆಗಳು. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ತಿ ಅಳತೆಯ ಮಾದರಿ ಇದೆ, ನಾನು ಬಾಯಿ ಬಿಟ್ಟುಕೊಂಡು ನೋಡಿದೆ, ನಮ್ಮವಳು ಅದರ ಮುಂದಿನ ಕಂಬಿ ಹಿಡಿದು ಜೋತಾಡಿದಳು. ಅವಳಿಗೆ ಹಿಡಿಸಿದ್ದು ಇಂಜಿನ್ ಹಾಲ್ ಮತ್ತು ಫನ್ ಸೈನ್ಸ್ ಗ್ಯಾಲರಿ. ಅದರಲ್ಲೂ ಒಂದು ಹಿಡಿಕೆ ಸಿಕ್ಕಿತು, ಅದನ್ನು ತಿರುಗಿಸಿದ್ದೇ ತಿರುಗಿಸಿದ್ದು. ನನ್ನ ಹೆಂಡತಿಗೆ ಹೊಟ್ಟೆ ಉರಿ, ಇಷ್ಟು ದೂರ ಬಂದು ಒಂದು ಹಿಡಿಕೆ ತಿರುಗಿಸೋಕಾ ಅಂತ. ಆದರೆ ಈ ವಯಸ್ಸಿನವರು ನೋಡೋದೇ ಹಾಗೆ ಅಲ್ವಾ? ತಿರುಗಿಸಿದರೆ ಏನಾಗುತ್ತೆ, ಮತ್ತೆ ತಿರುಗಿಸಿದರೂ ಅದೇ ಆಗುತ್ತಾ ಅಂತ ಪರೀಕ್ಷೆ ಮಾಡುತ್ತಿರುತ್ತಾರೆ. ಎಳೆದುಕೊಂಡು ಮುಂದಿನದಕ್ಕೆ ಓಡಿದರೆ ಇಬ್ಬರಿಗೂ ಅಳು. ಹಾಗಾಗಿ ಎಲ್ಲ ಮಹಡಿ ನೋಡಿಯೇ ತೀರಬೇಕು ಅನ್ನೋ ಹಟ ಮನೆಯಲ್ಲೇ ಬಿಟ್ಟು ಹೋಗಿ.

ಡೈನೋಸಾರ್ ವಿಷಯ: ಅದು ತಲೆ ಅಲ್ಲಾಡಿಸುತ್ತೆ, ಸದ್ದು ಮಾಡುತ್ತೆ. ಕೆಲವು ಮಕ್ಕಳು ಕುಣಿಯುತ್ತಾರೆ, ಕೆಲವರು ಕಿರುಚುತ್ತಾರೆ. ಮೊದಲು ದೂರದಿಂದ ತೋರಿಸಿ. ತ್ರೀಡಿ ಶೋ, ತಾರಾಮಂಡಲ ಎರಡೂ ಬೇಡ, ಕತ್ತಲಲ್ಲಿ ಕೂರೋ ವಯಸ್ಸಲ್ಲ ಅದು.

ಮಧ್ಯಾಹ್ನದ ನಿದ್ದೆಗೆ ಮುಂಚೆ ಹೊರಗೆ ಬನ್ನಿ. ಪಕ್ಕದಲ್ಲೇ ಕಬ್ಬನ್ ಪಾರ್ಕ್, ಹುಲ್ಲಿನ ಮೇಲೆ ಮೊಸರನ್ನ ತಿನ್ನಿಸಿ ಮಲಗಿಸಬಹುದು. ಅಲ್ಲೇ ಬಾಲಭವನದ ಪುಟಾಣಿ ರೈಲೂ ಇದೆ, ಓಡುತ್ತಿದೆಯಾ ಅಂತ ಮೊದಲು ಕೇಳಿಕೊಳ್ಳಿ. ನಿಜ ಹೇಳಬೇಕು ಅಂದರೆ ನಮ್ಮವಳು ಊರಿಗೆ ಬಂದು ಅಜ್ಜಿಗೆ ಹೇಳಿದ್ದು ಮ್ಯೂಸಿಯಂ ಬಗ್ಗೆ ಅಲ್ಲ, ಮೆಟ್ರೋ ಬಾಗಿಲು ತಾನೇ ಮುಚ್ಚಿಕೊಳ್ಳುತ್ತೆ ಅಂತ.

ಮಂಡಕ್ಕಿ ಮಿರ್ಚಿ:

ಒಂದು ಹಿಡಿಕೆ ತಿರುಗಿಸೋಕೆ 260 ಕಿ.ಮೀ.! ನಮ್ಮಜ್ಜಿ ಮನೆಯಲ್ಲಿ ಶಾವಿಗೆ ಒತ್ತೋ ಮಷೀನ್ ಇದೆ, ಕಳಿಸಿಕೊಡ್ಲಾ?

ನ್ಯೂಜೆರ್ಸಿಯಿಂದ, ಮೂಲ ದಾವಣಗೆರೆ:

ಮಂಡಕ್ಕಿಯವರು ತಮಾಷೆಗೆ ಹೇಳಿದ್ದರಲ್ಲೂ ವಿಷಯ ಇದೆ. ಇಲ್ಲಿ ಮಕ್ಕಳ ಮ್ಯೂಸಿಯಂ ಅಂತಲೇ ಬೇರೆ ಇರುತ್ತವೆ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮೊದಲನೆಯದು ಶುರುವಾಗಿದ್ದು 1899ರಲ್ಲಿ. ಸಣ್ಣ ಮಕ್ಕಳಿಗೆ ಸಾಮಾನ್ಯವಾಗಿ ಬೇರೆ ಜಾಗ ಮಾಡಿರುತ್ತಾರೆ, ದೊಡ್ಡವರು ಬಂದು ತಳ್ಳಿಹಾಕೋದು ಕಡಿಮೆ. ಒಳಗೆ ಏನಿರುತ್ತೆ ಗೊತ್ತಾ? ಸೊಂಟದೆತ್ತರದ ತೊಟ್ಟಿಯಲ್ಲಿ ನೀರು, ಅದರಲ್ಲಿ ಕಪ್‌ಗಳು, ಲಾಳಿಕೆ, ತೇಲೋ ಚೆಂಡು. ಮೈ ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಏಪ್ರನ್ ಕೊಡುತ್ತಾರೆ, ಆದರೂ ಒದ್ದೆಯಾಗುತ್ತದೆ, ಅದು ಬೇರೆ ಮಾತು. ಇನ್ನೊಂದು ಕಡೆ ಆಟದ ಅಂಗಡಿ, ಪ್ಲಾಸ್ಟಿಕ್ ಟೊಮೆಟೊ, ಪುಟ್ಟ ತಕ್ಕಡಿ, ಪುಟ್ಟ ಬುಟ್ಟಿ. ನನ್ನ ಮಗ ಅಲ್ಲಿ ಗಂಟೆಗಟ್ಟಲೆ ವ್ಯಾಪಾರ ಮಾಡುತ್ತಾನೆ, ನಾನು ಅದಕ್ಕೆ ಡಾಲರ್ ಕೊಟ್ಟು ಒಳಗೆ ಬಂದಿರುತ್ತೇನೆ. ಊರಿಗೆ ಬಂದಾಗ ಅವನನ್ನು ನಮ್ಮಪ್ಪ ಕಾಯಿಪಲ್ಲೆ ಮಾರ್ಕೆಟ್ಟಿಗೆ ಕರ್ಕೊಂಡು ಹೋಗಿದ್ದರು. ಕಾಯಿಪಲ್ಲೆ ಮಾರೋ ಅಜ್ಜಿ ಅವನ ಕೈಯಿಂದಲೇ ಬದನೆಕಾಯಿ ತಕ್ಕಡಿಗೆ ಹಾಕಿಸಿದಳು. ಏಪ್ರನ್ ಇರಲಿಲ್ಲ ಅಷ್ಟೇ.

ಬೆಂಗಳೂರಿಗೆ ಹೋಗಬೇಡಿ ಅಂತ ಅಲ್ಲ. ಅಲ್ಲಿಗೆ ಐದಾರು ವರ್ಷಕ್ಕೆ ಹೋದರೆ ಪ್ರಶ್ನೆ ಕೇಳುತ್ತಾನೆ, ನಿಮಗೂ ಖುಷಿ. ಈಗ ಟಬ್ಬು, ಲೋಟ, ಜರಡಿ ಕೊಟ್ಟು ಬಚ್ಚಲಲ್ಲಿ ಬಿಡಿ. ಪಕ್ಕದಲ್ಲೇ ಕೂತಿರಿ ಮತ್ತೆ, ಸ್ವಲ್ಪ ನೀರು ಅಂತ ಬಿಟ್ಟು ಹೋಗಬೇಡಿ.

ದುರ್ಗದ ಅಕ್ಕ:

ನಾನು ಚಿತ್ರದುರ್ಗದವಳು. ಹತ್ತಿರದಲ್ಲಿ ಏನಿದೆ ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ.

ನಿಮ್ಮೂರಿಂದ ನಮ್ಮ ಕಡೆ ಬರೋ ಹೈವೇಯಲ್ಲೇ ಆನಗೋಡು ಕಿರು ಮೃಗಾಲಯ ಇದೆ. ದೊಡ್ಡದಲ್ಲ, ಅದೇ ಒಳ್ಳೇದು. ಜಿಂಕೆ ನೋಡಿ, ಚಿರತೆ ನೋಡಿ, ಮಗುವಿಗೆ ಸಾಕಾಗೋ ಹೊತ್ತಿಗೆ ಮುಗಿದಿರುತ್ತದೆ. ಕುಂದವಾಡ ಕೆರೆ ಹತ್ತಿರದ ಗಾಜಿನ ಮನೆ ನಿಮಗೆ ಗೊತ್ತೇ ಇದೆ, ಓಡಾಡೋಕೆ ಜಾಗ ಚೆನ್ನಾಗಿದೆ.

ದುರ್ಗಕ್ಕೆ ಬಂದರೆ ಕೋಟೆ. ರಂಗಯ್ಯನ ಬಾಗಿಲ ಹತ್ತಿರ ಸರ್ಕಾರಿ ಮ್ಯೂಸಿಯಂ ಇದೆ, ಆದರೆ ಅದು ಮುಟ್ಟೋ ಮ್ಯೂಸಿಯಂ ಅಲ್ಲ. ಹಳೇ ಶಿಲ್ಪ, ಆಯುಧ, ನಾಣ್ಯ ಇವೆ. ನಮಗೆ ಇಷ್ಟ, ಅವನಿಗೆ ಐದು ನಿಮಿಷ. ಕೋಟೆ ಏಳು ಸುತ್ತಿಂದು, ಪೂರ್ತಿ ಹತ್ತಿಸೋ ಆಸೆ ಇಟ್ಟುಕೊಳ್ಳಬೇಡಿ. ಮೊದಲ ಬಾಗಿಲುಗಳನ್ನು ದಾಟಿ ಮದ್ದು ಬೀಸೋ ಕಲ್ಲಿನವರೆಗೆ ಹೋದರೂ ಸಾಕು. ಸಿಡಿಮದ್ದಿನ ಪುಡಿ ಅರೆಯೋಕೆ ಇಟ್ಟಿದ್ದ ದೊಡ್ಡ ದೊಡ್ಡ ಕಲ್ಲಿನ ಚಕ್ರಗಳು ಅವು. ಚಕ್ರ ಅಂದ್ರೆ ಪ್ರಾಣ ಅಂತೀರಲ್ಲ, ತೋರಿಸಿ. ಅವು ಹಳ್ಳದಲ್ಲಿವೆ, ಅಂಚಿಗೆ ಬಿಡಬೇಡಿ. ತಳ್ಳೋ ಗಾಡಿ ತರಬೇಡಿ, ಕಲ್ಲಿನ ಹಾಸಿನ ಮೇಲೆ ಅದನ್ನೂ ನೀವೇ ಹೊರಬೇಕಾಗುತ್ತದೆ.

ವಿದ್ಯಾನಗರದ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ನಮ್ಮತ್ತೆಗೆ ಓದಿ ಹೇಳಿದೆ, ಹಿಡಿಕೆ ಕಥೆ ಬಂದಾಗ "ನಾ ಹೇಳಲಿಲ್ಲೇನು" ಅಂದರು. ಬೆಂಗಳೂರು ಪೂರ್ತಿ ಬಿಟ್ಟಿಲ್ಲ, ದಸರಾ ರಜೆಗೆ ಹೇಗೂ ತಂಗಿ ಮನೆಗೆ ಹೋಗುವವರಿದ್ದೇವೆ, ಆಗ ಬೆಳಿಗ್ಗೆ ಹೋಗಿ ಇಂಜಿನ್ ಹಾಲ್ ಅಷ್ಟೇ ನೋಡಿಕೊಂಡು ಬರುತ್ತೇವೆ. ಈ ಭಾನುವಾರ ಆನಗೋಡು, ಮುಂದಿನದ್ದು ಕೋಟೆ. ದುರ್ಗದ ಅಕ್ಕಾ, ಕೋಟೆಗೆ ಮಧ್ಯಾಹ್ನ ಬಂದರೆ ನಡೆಯುತ್ತಾ? ಅವನು ತಿನ್ನೋಕೆ ಬಾಳೆಹಣ್ಣು ಬಿಟ್ಟರೆ ಬೇರೆ ಒಲ್ಲೆ ಅಂತಾನೆ, ಅದನ್ನೇ ತರಬಹುದಾ?

ದುರ್ಗದ ಅಕ್ಕ:

ಮಧ್ಯಾಹ್ನ ಬೇಡಮ್ಮ, ಬಂಡೆ ಕಾದು ಕಾಲಿಡೋಕಾಗಲ್ಲ. ಬೆಳಿಗ್ಗೆ ಬೇಗ ಬನ್ನಿ. ಬಾಳೆಹಣ್ಣು ಕೆಳಗೆ ಗಾಡಿಯಲ್ಲೇ ತಿನ್ನಿಸಿ ಮುಗಿಸಿ, ಮೇಲೆ ಮಂಗಗಳಿವೆ, ಮಗುವಿನ ಕೈಯಿಂದಲೇ ಕಿತ್ತುಕೊಳ್ಳುತ್ತವೆ.